ಗದ್ದಲದ ಮಾದರಿ

ಮಂಡಿಪೇಟೆಯ ಹಿಂದೆ, ಜೆರಾಕ್ಸ್ ಅಂಗಡಿಯ ಅಟ್ಟದಲ್ಲಿ
ನನ್ನ ಸ್ಟುಡಿಯೋ.
ಸ್ಟುಡಿಯೋ ಅಂದರೆ ಒಂದು ಕಂಪ್ಯೂಟರು, ಒಂದು ಮೈಕು,
ಗೋಡೆಗೆ ಬಡಿದ ಮೊಟ್ಟೆಯ ಟ್ರೇಗಳು.
ಆಟೋ ಪ್ರಚಾರ, ಸೀರೆ ಸೇಲು, ಕಳೆದುಹೋದ ಎಮ್ಮೆ,
ಎಲ್ಲಕ್ಕೂ ಗಂಟಲು ನನ್ನದೇ.

ಬುಡನ್ ಸಾಬರು ಬಂದದ್ದು ಮಂಗಳವಾರ.
ಬಿಸಿಲಲ್ಲೂ ಮಫ್ಲರು; ಅದರಡಿ ಆಪರೇಷನ್ನಿನ ಹೊಲಿಗೆ.
ಮಾತಿಲ್ಲ. ಪೊಟ್ಟಣದ ಹಾಳೆಯ ಮೇಲೆ ಬರೆದರು:
‘ಇದರಲ್ಲಿ ನಾನಿದ್ದೀನಂತೆ. ತೆಗೆದುಕೊಡಿ.’
ಕೈಯಲ್ಲೊಂದು ಸಿ.ಡಿ., ಮೇಲೆ ಮಾಸಿದ ಮಾರ್ಕರು:
ಮಂದಾಕಿನಿ, ಗುರುಶಾಂತ. ಅರಿಶಿನ ಶಾಸ್ತ್ರ.
ಮದುಮಗಳೇ ಹುಡುಕಿಕೊಂಡು ಹೋಗಿ ಕೊಟ್ಟಳಂತೆ.

ಆಮದು ಒತ್ತಿದೆ.
ಕಂಪ್ಯೂಟರು ಮೂಗು ಮುರಿಯಿತು:
ಈ ಜಾತಿಯ ಫೈಲು ನನಗೆ ಗೊತ್ತಿಲ್ಲ.
ಎಲ್ಲಿ ಹೋದರೂ ಮೊದಲು ಕೇಳುವುದು ಅದನ್ನೇ ತಾನೆ!
ಬೇರೆ ದಾರಿ ಹಿಡಿದು, ಚಿತ್ರದ ಸಿಪ್ಪೆ ಸುಲಿದು,
ದನಿಯನ್ನಷ್ಟೇ ಒಳಗೆ ಕರೆದೆ.
ಪರದೆಯ ಮೇಲೆ ಅಲೆ ಎದ್ದಿತು
ಭಟ್ಟಿಯ ಬಿಸಿ ಮರಳಲ್ಲಿ ಅಕ್ಕಿ ಅರಳಿದ ಹಾಗೆ.

ಇಬ್ಬರೂ ಕೂತು ಕೇಳಿದೆವು.
ಹೆಂಗಸರ ನಗು, ಬಿಂದಿಗೆ ಉರುಳಿದ್ದು,
‘ಏ, ಅಡಿಕೆ ತಟ್ಟೆ ಎಲ್ಲೈತೆ?’
ಮೂವತ್ತೊಂದನೆಯ ನಿಮಿಷಕ್ಕೆ, ಚಪ್ಪರದಾಚೆ,
ಕೆಟಿಜೆ ನಗರದ ಯಾವುದೋ ತಿರುವಿನಿಂದ ಒಂದು ಎಳೆ:
‘ಮಂಡಕ್ಕೀ… ಗರಿಗರೀ ಮಂಡಕ್ಕೀ…’

ಸಾಬರ ಬೆರಳು ಪರದೆ ಮುಟ್ಟಿತು.
ಗುಡ್ಡಗಳ ನಡುವೆ
ಇರುವೆ ಸಾಲಿನಷ್ಟು ಉಬ್ಬು.

ಸದ್ದು ತೊಳೆಯುವ ಗುಂಡಿ ಒತ್ತಿದರೆ ಅದು ಕೇಳುತ್ತದೆ:
ಗದ್ದಲ ಯಾವುದು? ಮಾದರಿ ತೋರಿಸು.
ಹದಿನೈದು ವರ್ಷ ನಾನು ತೋರಿಸುತ್ತಾ ಬಂದದ್ದು ಬೀದಿಯನ್ನು.
ಲಾರಿಯನ್ನು, ನಾಯಿಯನ್ನು,
ಮಂಡಕ್ಕಿಯವನನ್ನು.
ಎಷ್ಟು ಮದುವೆಗಳಿಂದ ಇವರನ್ನು ಅಳಿಸಿದ್ದೇನೋ, ಲೆಕ್ಕವಿಟ್ಟಿಲ್ಲ.
ಇವತ್ತು ಮೊದಲ ಸಲ
ಮದುವೆಗೇ ಗೆರೆ ಎಳೆದು ತೋರಿಸಿದೆ: ಇದು.
ಜನರೇಟರು ಹೋಯಿತು, ಬೀಗರು ಮಸುಕಾದರು.
ಓಲಗದವನೊಬ್ಬ ಮಾತ್ರ ಹೋಗಲೊಲ್ಲ,
ಬಾವಿಯೊಳಗೆ ಕೂತು ಊದಿದಂತೆ ತಳದಲ್ಲಿ ಉಳಿದ.
ಇರಲಿ.

ಕೂಗಿನ ಹಿಂದೆಯೇ ಒಬ್ಬಳು, ಬಾಗಿಲಿಂದ ಇರಬೇಕು:
‘ಎಷ್ಟಪ್ಪಾ ಸೇರು?’
ಕತ್ತರಿ ಇಟ್ಟೆ. ಸಾಬರು ಕೈ ಹಿಡಿದರು.
ಹಾಳೆಯ ಮೇಲೆ: ‘ಅದು ಬೇಕು.’
‘ನಿಮ್ಮ ಉತ್ತರ ಇದರಲ್ಲಿಲ್ಲ ಸಾಬರೇ, ಅಷ್ಟರಲ್ಲಿ ಓಲಗ ಶುರುವಾಗಿದೆ.’
ಬರೆದದ್ದರ ಕೆಳಗೆ ಗೆರೆ ಎಳೆದರು, ಎರಡು ಸಲ.

ಆಮೇಲೆ ನಾನೇ ತಪ್ಪಿದೆ.
ಉಳಿಸುವುದು ಬೇರೆ, ರಫ್ತು ಮಾಡುವುದು ಬೇರೆ.
ಉಳಿಸಿದ್ದು ಹುಟ್ಟಿದ ಮನೆಯಲ್ಲಿ ಮಾತ್ರ ಮಾತಾಡುತ್ತದೆ,
ಹೊಸ್ತಿಲು ದಾಟಿದರೆ ಮೂಕ.
ಆತುರದಲ್ಲಿ ಅದನ್ನೇ ಕಾರ್ಡಿಗೆ ತುಂಬಿ ಕಳಿಸಿದ್ದೆ.
ಮರುದಿನ ಸಾಬರು ಬಂದು ಸ್ಪೀಕರಿನ ಡಬ್ಬಿ ತೋರಿಸಿ,
ತಮ್ಮ ಮಫ್ಲರು ಮುಟ್ಟಿ,
ಇದೂ ನನ್ನ ಹಾಗೇ, ಎಂಬಂತೆ
ಭುಜ ಕುಣಿಸಿ ನಕ್ಕರು.
ನನಗೆ ನಗು ಬರಲು ಹೊತ್ತು ಹಿಡಿಯಿತು.

ಮತ್ತೆ ಕೂತೆ. ಎಂಪಿತ್ರೀ. ಮೋನೋ;
ಸೈಕಲ್ಲಿನ ಡಬ್ಬಿಗೆ ಒಂದೇ ಬಾಯಿ, ಎಡ ಬಲ ಯಾಕೆ.
ಕಲಾವಿದರು? ಕೇಳಿತು ಪರದೆ.
ಬುಡನ್ ಸಾಬ್, ಬಾಷಾ ನಗರ.
ಆಲ್ಬಂ? ಖಾಲಿ ಬಿಟ್ಟೆ.
ವರ್ಷ? ಸಾಬರು ಬೆರಳು ಮಡಿಸಿ ಮಡಿಸಿ ಎಣಿಸಿ
ಕೈಬಿಟ್ಟರು.
ನೀಲಿ ಪಟ್ಟಿ ತುಂಬಿತು. ಒಟ್ಟು ಸರಕು
ಒಂಬತ್ತು ಸೆಕೆಂಡು.

ಈಗ ಬೆಳಿಗ್ಗೆ ಏಳಕ್ಕೆ ನಮ್ಮ ಓಣಿಗೂ ಬರುತ್ತಾರೆ.
ಡಬ್ಬಿ ಕೂಗುತ್ತದೆ.
ಡಬ್ಬಿಯೊಳಗಿನ ಹೆಂಗಸು ಕೇಳುತ್ತಾಳೆ: ಎಷ್ಟಪ್ಪಾ ಸೇರು?
ಬಾಗಿಲು ಇನ್ನೂ ಒಂದೂ ತೆರೆದಿರುವುದಿಲ್ಲ.
ಸಾಬರು ಸೈಕಲ್ಲು ನಿಲ್ಲಿಸಿ, ಸ್ಟ್ಯಾಂಡು ಹಾಕಿ,
ಬರೀ ಓಣಿಗೆ
ಬೆರಳೆತ್ತಿ ದರ ಹೇಳುತ್ತಾರೆ,
ಇವತ್ತಿನ ದರ,
ಆವತ್ತಿನದಲ್ಲ.